ಕಬಿಲನ್ ಮಾರಿದ ಸಾರಾಯಿ ಕುಡಿದವರು ಯಾರು?

ಬಿದ್ದವನು ಎದ್ದು ಗೆಲ್ಲುವ ಕಥೆ ಅಂದರೆ ಎಲ್ಲರಿಗೂ ಇಷ್ಟ. ಬಿದ್ದವನು ಬಾಕ್ಸಿಂಗ್ ಆಡುವವನಾದರಂತೂ ಕೇಳುವುದೇ ಬೇಡ. ಒಂದು ಕಾಲಕ್ಕೆ ಹುಲಿ ಥರ ಇದ್ದ, ಸೋತ, ಕುಡಿತಕ್ಕೆ ಬಿದ್ದ, ಹೆಂಡತಿ ಕಣ್ಣೀರು ಹಾಕಿದಳು, ಯಾರೋ ಹಿರಿಯ ಬಂದು ಕೈ ಹಿಡಿದ, ಬೆಳಗಿನ ಜಾವ ಎದ್ದು ಓಡಿದ, ಬೆವರು ಸುರಿಸಿದ, ಗೆದ್ದ. ಇಷ್ಟನ್ನೇ ಇಟ್ಟುಕೊಂಡು ಎಷ್ಟು ಭಾಷೆಗಳಲ್ಲಿ ಎಷ್ಟು ಸಿನಿಮಾ ತೆಗೆದಿದ್ದಾರೋ ಲೆಕ್ಕವಿಲ್ಲ. ಈ ಕಥೆಯ ಹೊಟ್ಟೆಯೊಳಗೆ ಒಂದು ಮೋಸ ಇದೆ. ಕುಡಿದದ್ದು ಅವನ ತಪ್ಪು, ಬಿಟ್ಟದ್ದು ಅವನ ಪುಣ್ಯ. ಅವನಿಗೆ ಗುದ್ದು ತಿನ್ನಿಸಿ ದುಡ್ಡು ಮಾಡಿಕೊಂಡವನು, ಅವನಿಗೆ ಹೆಂಡ ಕುಡಿಸಿ ದುಡ್ಡು ಮಾಡಿಕೊಂಡವನು, ಇಬ್ಬರೂ ಪರದೆಯ ಹಿಂದೆ ಆರಾಮಾಗಿ ಕೂತಿರುತ್ತಾರೆ. ಕುಡುಕನಿಗೆ ಬುದ್ಧಿ ಬಂತಲ್ಲ ಅಂತ ನಾವು ಚಪ್ಪಾಳೆ ತಟ್ಟಿ ಎದ್ದು ಬರುತ್ತೇವೆ.

ಪಾ. ರಂಜಿತ್ ಅವರ 'ಸಾರ್ಪಟ್ಟ ಪರಂಬರೈ' ಈ ಸಾಲಿಗೆ ಸೇರುತ್ತದೋ ಇಲ್ಲವೋ ಅನ್ನುವುದು ನನ್ನ ಪ್ರಶ್ನೆ. 2021ರ ಜುಲೈನಲ್ಲಿ ಬಂದ ಚಿತ್ರ. ಥಿಯೇಟರಿಗೆ ಬರಲೇ ಇಲ್ಲ, ಸೀದಾ ಅಮೆಜಾನ್ ಕಂಪನಿಯವರ ಕೈಗೆ ಹೋಯಿತು. ಕೂಲಿಗಳ ಕಥೆಯನ್ನು ಕೂಲಿಗಳು ಗಾಂಧಿಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆಯುತ್ತಾ ನೋಡುವ ಭಾಗ್ಯ ತಪ್ಪಿತು. ಇರಲಿ.

ಪರಂಬರೈ ಅಂದರೆ ಪರಂಪರೆ. ಈ ಶಬ್ದ ಕಿವಿಗೆ ಬಿದ್ದರೆ ನಮಗೆ ಮೈ ಉರಿಯುತ್ತದೆ. ಯಾಕಂದ್ರೆ ಪರಂಪರೆ ಪರಂಪರೆ ಅಂದವರೆಲ್ಲ ನಮ್ಮನ್ನು ಹೊಸಿಲ ಆಚೆ ನಿಲ್ಲಿಸಿಯೇ ಮಾತಾಡಿದ್ದಾರೆ. ಇಲ್ಲಿ ಮಾತ್ರ ಪರಂಪರೆ ಅನ್ನುವುದು ಮೂಟೆ ಹೊರುವವರದ್ದು. ಹಡಗುಕಟ್ಟೆ, ಬೆಸ್ತರ ಕೇರಿ, ಬಿನ್ನಿ ಕಂಪನಿಯ ಗಿರಣಿ (ನಮ್ಮ ಬೆಂಗಳೂರಿನ ಬಿನ್ನಿಮಿಲ್ಲಿನ ಒಡೆಯರೂ ಅವರೇ) ಇವುಗಳ ನಡುವೆ ಬದುಕಿದ ಉತ್ತರ ಮದರಾಸಿನ ಜನ, ಬಿಳಿಯರು ತಂದ ಬಾಕ್ಸಿಂಗನ್ನು ತಮ್ಮದು ಮಾಡಿಕೊಂಡು ಸಾರ್ಪಟ್ಟ, ಇಡಿಯಪ್ಪ ಅಂತ ಗರಡಿ ಮನೆತನಗಳನ್ನೇ ಕಟ್ಟಿಕೊಂಡರು. ಇದು ಸಿನಿಮಾದವರು ಹುಟ್ಟಿಸಿದ್ದಲ್ಲ, ನಿಜವಾಗಿ ಇದ್ದದ್ದು. ರಂಜಿತ್ ಈ ಮಣ್ಣಿನಿಂದ ಕಥೆ ಎತ್ತಿದ್ದಾರೆ. ಅದಕ್ಕೇ ಚಿತ್ರದ ಮೊದಲ ಅರ್ಧ ಎದ್ದು ನಿಲ್ಲುತ್ತದೆ.

ಕಬಿಲನ್ ಮೂಟೆ ಹೊರುವ ಕೂಲಿ. ಅಪ್ಪ ಗುದ್ದಾಟದಲ್ಲಿ ಹೆಸರು ಮಾಡಿ, ಆಮೇಲೆ ರೌಡಿತನಕ್ಕೆ ಇಳಿದು ಕೊಲೆಯಾದವನು. ಹಾಗಾಗಿ ತಾಯಿ ಬಾಕ್ಯಮ್ಮನಿಗೆ ಗ್ಲೌಸು ಕಂಡರೆ ಆಗದು. ಮಗ ಕದ್ದುಮುಚ್ಚಿ ಆಟ ನೋಡಿ ಬಂದರೂ ಅವಳ ಕೈಲಿ ಏಟು ತಪ್ಪದು. ಸಾರ್ಪಟ್ಟದ ಮೇಷ್ಟ್ರು ರಂಗನ್ ವಾತ್ಯಾರರ ಮರ್ಯಾದೆ ಹೋಗುವ ಹೊತ್ತು ಬಂದಾಗ ಇವನು ತಾನಾಗಿ ಮುಂದೆ ಬಂದು ನಿಲ್ಲುತ್ತಾನೆ. ಡ್ಯಾನ್ಸಿಂಗ್ ರೋಸ್‌ನಂಥ ಚತುರನನ್ನು ಮಣಿಸುತ್ತಾನೆ. ಇಡಿಯಪ್ಪ ಮನೆತನದ ಹಿರಿಯಾಳು ವೇಂಬುಲಿಯ ಎದುರು ನಿಲ್ಲುತ್ತಾನೆ. ಗೆಲುವು ಇನ್ನೇನು ಕೈಗೆ ಬಂತು ಅನ್ನುವಾಗ ಗಲಭೆ ಏಳುತ್ತದೆ. ಅದೇ ಹೊತ್ತಿಗೆ ಡಿ.ಎಂ.ಕೆ. ಸರ್ಕಾರ ವಜಾ ಆಗಿ, ಪಕ್ಷದ ಆಳಾದ ವಾತ್ಯಾರರನ್ನು ಪೋಲೀಸರು ಎಳೆದೊಯ್ಯುತ್ತಾರೆ. 1976ರ ಜನವರಿ 31ರಂದು ಇಂದಿರಾ ಗಾಂಧಿ ಸರ್ಕಾರ ಮದರಾಸಿನಲ್ಲಿ ನಿಜವಾಗಿ ಮಾಡಿದ ಕೆಲಸ ಅದು. ಆ ಗೊಂದಲದಲ್ಲಿ ಕಬಿಲನ್‌ನನ್ನು ರಿಂಗಿನ ನಡುವೆಯೇ ಬಡಿದು, ಮೈಮೇಲಿದ್ದ ಬಟ್ಟೆ ಕಿತ್ತು ಬೆತ್ತಲೆ ಮಾಡುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಬಿಲನ್ ಆಟದಲ್ಲಿ ಸೋಲಲಿಲ್ಲ. ಗುದ್ದು ತಿಂದು ಬಿದ್ದವನಿಗೆ ಹತ್ತು ಎಣಿಸುವಷ್ಟರಲ್ಲಿ ಏಳುವ ಅವಕಾಶ ಇರುತ್ತದೆ. ಬಟ್ಟೆ ಬಿಚ್ಚಿಸಿಕೊಂಡವನಿಗೆ ಯಾರು ಎಣಿಸುತ್ತಾರೆ? ಬೆತ್ತಲೆ ಮಾಡುವ ಶಿಕ್ಷೆ ಈ ದೇಶದಲ್ಲಿ ಯಾರಿಗೆ ಮೀಸಲು, ಯಾವ ಕೇರಿಯವರಿಗೆ ಮೀಸಲು ಅನ್ನುವುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಚಿತ್ರ ಜಾತಿಯ ಹೆಸರನ್ನು ಬಾಯಿಬಿಟ್ಟು ಕೂಗುವುದಿಲ್ಲ. ಗೋಡೆಯ ಮೇಲಿನ ಅಂಬೇಡ್ಕರ್ ಪಟ, ತಣಿಗನ ಬಾಯಿಂದ ಬರುವ ಕೊಂಕು, ಕೊನೆಯ ಪಂದ್ಯಕ್ಕೆ ಕಬಿಲನ್ ತೊಡುವ ನೀಲಿ, ಇಷ್ಟೇ ಸಾಕು ಅಂತ ಬಿಟ್ಟಿದೆ. ಸಾಕು ಕೂಡ. ಸೋತು ಕುಡಿದವನು ಬೇರೆ, ಅವಮಾನಕ್ಕೆ ಕುಡಿದವನು ಬೇರೆ ಅನ್ನುವುದನ್ನು ರಂಜಿತ್ ಮಾತಿಲ್ಲದೆ ತೋರಿಸಿದ್ದಾರೆ. ಬಾಕ್ಸಿಂಗ್ ಸಿನಿಮಾಗಳಲ್ಲಿ ಇಷ್ಟು ಖಚಿತವಾಗಿ ಕುಡಿತದ ಬೇರು ತೋರಿಸಿದ್ದು ನಾನಂತೂ ಹೆಚ್ಚು ಕಂಡಿಲ್ಲ.

ಆಮೇಲೆ ಏನಾಗುತ್ತದೆ? ತಣಿಗನಿಗೆ ಕತ್ತಿ ಬೀಸಿ ಕಬಿಲನ್ ಜೈಲಿಗೆ ಹೋಗುತ್ತಾನೆ. ಬಂದ ಮೇಲೆ ವಾತ್ಯಾರರ ಮಗ ವೆಟ್ರಿಯ ಜೊತೆ ಸೇರಿ ಕಳ್ಳಸಾರಾಯಿ ದಂಧೆಗೆ ಇಳಿಯುತ್ತಾನೆ. ತಾನೂ ಕುಡಿಯುತ್ತಾನೆ, ಹೊಟ್ಟೆ ಬರುತ್ತದೆ, ಮುಖ ಊದುತ್ತದೆ, ಹೆಂಡತಿ ಮಾರಿಯಮ್ಮನ ಬಾಳು ನರಕವಾಗುತ್ತದೆ. ಚಿತ್ರದ ಕ್ಯಾಮೆರಾ ಅವನ ಹೊಟ್ಟೆಯನ್ನೇ ನೋಡುತ್ತದೆ. ಅಯ್ಯೋ, ಎಂಥ ಮೈಕಟ್ಟು ಏನಾಗಿಹೋಯಿತು ಅಂತ ನಾವೂ ಮರುಗುತ್ತೇವೆ.

ಆದರೆ ಅವನು ಮಾರಿದ ಸಾರಾಯಿ ಎಲ್ಲಿ ಹೋಯಿತು? ಅದನ್ನು ಕುಡಿದವರು ಯಾರು?

ಆ ಕಾಲದ ತಮಿಳುನಾಡಿನ ಲೆಕ್ಕ ಹೀಗಿದೆ. ಕರುಣಾನಿಧಿ ಸರ್ಕಾರ 1971ರಲ್ಲಿ ಪಾನನಿಷೇಧ ಎತ್ತಿತು, 1974ರ ಹೊತ್ತಿಗೆ ಮತ್ತೆ ಅಂಗಡಿ ಮುಚ್ಚಿಸಿತು. ಮೂರು ವರ್ಷ ಬಾಯಿಗೆ ರುಚಿ ಹತ್ತಿಸಿ ಆಮೇಲೆ ಬಾಗಿಲು ಹಾಕಿದರೆ ಏನಾಗುತ್ತದೆ? ಕಳ್ಳಬಟ್ಟಿಯವನ ಸುಗ್ಗಿ ಶುರುವಾಗುತ್ತದೆ. ಕಬಿಲನ್ ಈ ದಂಧೆಗೆ ಇಳಿದದ್ದು ಆ ಸುಗ್ಗಿಯಲ್ಲೇ. ಅವನ ಗಿರಾಕಿಗಳು ಮೌಂಟ್ ರೋಡಿನ ಸಾಹುಕಾರರಲ್ಲ, ಅವನ ಜೊತೆ ಮೂಟೆ ಹೊತ್ತವರು. ಅವನು ಗೆದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕುಣಿದವರು. ಅವರ ಮನೆಯಲ್ಲೂ ಒಬ್ಬೊಬ್ಬ ಮಾರಿಯಮ್ಮ ಇರುತ್ತಾಳೆ. ಆ ಮಾರಿಯಮ್ಮಂದಿರ ಕಡೆ ಚಿತ್ರ ಒಂದು ಗಳಿಗೆಯೂ ಕಣ್ಣು ಹೊರಳಿಸುವುದಿಲ್ಲ. ಸುಮಾರು ಮೂರು ಗಂಟೆಯ ಚಿತ್ರ ಇದು. ಹೊತ್ತಿಲ್ಲ ಅನ್ನುವ ಹಾಗಿಲ್ಲ.

ಚಿತ್ರ ಬಂದಾಗ ಎಂ.ಜಿ.ಆರ್. ಹೆಸರಿಗೆ ಕಳಂಕ ತಂದಿದ್ದಾರೆ ಅಂತ ಅಣ್ಣಾ ಡಿ.ಎಂ.ಕೆ.ಯವರು ತಕರಾರು ತೆಗೆದರು. ಯಾವ ಪಕ್ಷವನ್ನು ಎಷ್ಟು ಹೊಗಳಿದ್ದಾರೆ, ಎಷ್ಟು ತೆಗಳಿದ್ದಾರೆ ಅಂತ ಪತ್ರಿಕೆಗಳು ತೂಗಿ ನೋಡಿದವು. ಸಾರಾಯಿಯ ಮಾತು ಬಂದಾಗ ಎಲ್ಲ ಪಕ್ಷಗಳಿಗೂ ಮೌನವೇ ಅನುಕೂಲ. 1983ರಲ್ಲಿ ಟಾಸ್ಮಾಕ್ ಅಂತ ಸರ್ಕಾರದ್ದೇ ಕಂಪನಿ ಆಯಿತು, 2003ರಿಂದ ಸರ್ಕಾರವೇ ಗಲ್ಲೆಯಲ್ಲಿ ಕೂತು ಬಾಟಲಿ ಮಾರುತ್ತಿದೆ. ಕಬಿಲನ್ ಮಾಡಿದರೆ ಜೈಲು, ಸರ್ಕಾರ ಮಾಡಿದರೆ ಬೊಕ್ಕಸ. ನಮ್ಮಲ್ಲೇನು ಕಡಿಮೆ? ಸಾರಾಯಿ ಹರಾಜಿನ ಕಂಟ್ರಾಕ್ಟರುಗಳು ಇಲ್ಲಿ ಯಾರು ಯಾರನ್ನು ಮಂತ್ರಿ ಮಾಡಿದರು ಅನ್ನುವುದು ಊರಿಗೇ ಗೊತ್ತು. 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರು 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ಕೂಗಿದ್ದು ಸುಮ್ಮನೆ ಅಲ್ಲ. 2007ರ ಜುಲೈ 1ರಂದು ಇಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಸೀಮೆಯಲ್ಲಿ ವಿಷಸಾರಾಯಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಹೆಣ ಬಿತ್ತು. ಬಹಳ ಮಂದಿ ದಿನಗೂಲಿಯವರು. ಈ ಹೆಣಗಳ ಪಕ್ಕ ನಿಂತು ನೋಡಿದರೆ ಕಬಿಲನ್‌ನ ಹೊಟ್ಟೆ ದೊಡ್ಡ ದುರಂತ ಅನ್ನಿಸುವುದಿಲ್ಲ.

ಇನ್ನು ಕುಡಿತ ಬಿಡುವ ಬಗೆ. ಬೇಡ ಬೇಡ ಅಂದಿದ್ದ ತಾಯಿಯೇ ಮನಸ್ಸು ಬದಲಿಸಿ ಮಗನನ್ನು ರಿಂಗಿಗೆ ಕಳಿಸಲು ನಿಲ್ಲುತ್ತಾಳೆ. ಇದು ಒಳ್ಳೆಯ ಜಾಗ. ಬಾಕ್ಯಮ್ಮನ ಪಾತ್ರ ಮಾಡಿದ ಅನುಪಮಾ ಕುಮಾರ್ ಮುಖದಲ್ಲಿ ಹೆದರಿಕೆ, ಹಠ ಎರಡೂ ಒಟ್ಟೊಟ್ಟಿಗೆ ಕಾಣುತ್ತವೆ. ಬೀಡಿ ರಾಯಪ್ಪನ್ ಅನ್ನುವ ಹಳೆಯ ಹುಲಿ ಸಿಗುತ್ತಾನೆ. ಕಡಲ ದಂಡೆ, ಮರಳು, ಓಟ, ಒಂದು ಹಾಡು. ಹಾಡು ಮುಗಿಯುವುದರೊಳಗೆ ಹೊಟ್ಟೆ ಕರಗುತ್ತದೆ, ಕುಡಿತವೂ ಕರಗುತ್ತದೆ. ಕುಡುಕನ ಮನೆಯಲ್ಲಿ ಬೆಳೆದ ಯಾರನ್ನಾದರೂ ಕೇಳಿ ನೋಡಿ. ವರ್ಷಗಟ್ಟಲೆ ಕುಡಿದವನು ನಿಲ್ಲಿಸಿದ ಮೊದಲ ಎರಡು ಮೂರು ದಿನ ಹೇಗಿರುತ್ತವೆ ಅಂತ. ಲೋಟ ಹಿಡಿಯಲಾರದ ಹಾಗೆ ಕೈ ನಡುಗುತ್ತದೆ. ನಿದ್ದೆ ಬರುವುದಿಲ್ಲ. ಬೆವರುತ್ತಾನೆ, ವಾಂತಿ ಮಾಡಿಕೊಳ್ಳುತ್ತಾನೆ. ಕೆಲವರಿಗೆ ಫಿಟ್ಸು ಬರುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಆಸ್ಪತ್ರೆ ಸಿಗದೆ ಸತ್ತವರೂ ಇದ್ದಾರೆ. ಒಂದು ಸಲ ಬಿಟ್ಟು ಮೂರು ಸಲ ಹಿಡಿಯುತ್ತಾರೆ. ಹಾಡಿನಲ್ಲಿ ಇದಕ್ಕೆಲ್ಲ ಜಾಗ ಇರುವುದಿಲ್ಲ. ಬೆತ್ತಲೆಯ ಅವಮಾನವನ್ನು ಅಷ್ಟು ನಿಧಾನವಾಗಿ, ಅಷ್ಟು ನೋವಿನಿಂದ ತೋರಿಸಿದ ರಂಜಿತ್, ಕುಡಿತ ಬಿಡುವ ಕಷ್ಟದ ಕಡೆ ಬಂದಾಗ ಯಾಕೆ ಹೀಗೆ ಓಡಿಹೋದರು?

ಓಡದೆ ನಿಂತ ಒಂದು ಕೃತಿ ನನಗೆ ಗೊತ್ತು. ಅದನ್ನು ಪಕ್ಕಕ್ಕಿಟ್ಟು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಅಮೆರಿಕದ ಲಿಯೊನಾರ್ಡ್ ಗಾರ್ಡ್ನರ್ 1969ರಲ್ಲಿ ಬರೆದ 'ಫ್ಯಾಟ್ ಸಿಟಿ'. ಇನ್ನೂರು ಪುಟವೂ ಇಲ್ಲದ ಕಾದಂಬರಿ. ಕಾದಂಬರಿ ಅಂತ ಆತ ಪ್ರಕಟಿಸಿದ್ದು ಇದೊಂದೇ. 1972ರಲ್ಲಿ ಜಾನ್ ಹ್ಯೂಸ್ಟನ್ ಇದನ್ನು ಸಿನಿಮಾ ಮಾಡಿದ. ಹ್ಯೂಸ್ಟನ್ ಕೂಡ ಹುಡುಗನಾಗಿದ್ದಾಗ ಗ್ಲೌಸು ಕಟ್ಟಿದವನೇ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರಿನಲ್ಲಿ ನಡೆಯುವ ಕಥೆ. ಪಂಜಾಬಿನಿಂದ ಹೋದ ಸಿಖ್ ಕೂಲಿಗಳು 1912ರಲ್ಲಿ ಗುರುದ್ವಾರ ಕಟ್ಟಿಕೊಂಡ ಊರೂ ಅದೇ. ಹೊಲದಲ್ಲಿ ಬಗ್ಗಿ ದುಡಿಯಲು ಲೋಕದ ಎಲ್ಲ ಮೂಲೆಯಿಂದ ಬಡವರನ್ನು ಎಳೆದುಕೊಂಡ ಊರು.

ಬಿಲ್ಲಿ ಟಲಿಗೆ ಮೂವತ್ತು ಹತ್ತಿರ. ಒಂದು ಕಾಲಕ್ಕೆ ಚೆನ್ನಾಗಿ ಆಡುತ್ತಿದ್ದ. ಪನಾಮಾದ ಪಂದ್ಯಕ್ಕೆ ಅವನ ಮ್ಯಾನೇಜರ್ ರೂಬೆನ್, ಖರ್ಚು ಉಳಿಯಲಿ ಅಂತ ಇವನೊಬ್ಬನನ್ನೇ ಕಳಿಸಿದ್ದ. ಅಲ್ಲಿ ಹುಬ್ಬು ಕೊಯ್ದುಹೋಯಿತು. ಎದುರಾಳಿಯ ಕಡೆಯವರು ಬ್ಲೇಡು ಬಳಸಿದರು ಅಂತ ಟಲಿ ಹೇಳುತ್ತಾನೆ. ಇವನ ಮೂಲೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಹೆಂಡತಿ ಬಿಟ್ಟುಹೋದಳು. ಕುಡಿತ ಹಿಡಿಯಿತು. ಈಗ ಅವನ ಬದುಕು ಅಂದರೆ ನಸುಕಿನಲ್ಲಿ ಎದ್ದು ಕೂಲಿ ಬಸ್ಸು ನಿಲ್ಲುವ ಬೀದಿಗೆ ಹೋಗುವುದು, ಮೇಸ್ತ್ರಿ ಕರೆದರೆ ಹತ್ತುವುದು, ಈರುಳ್ಳಿ ಕೊಯ್ಯುವುದು. ಕಾದಂಬರಿಯಲ್ಲಿ ಗಿಡ್ಡ ಹಿಡಿಯ ಗುದ್ದಲಿ ಹಿಡಿದು ಟೊಮ್ಯಾಟೊ ಸಾಲು ಬಿಡಿಸುವ ಒಂದು ಅಧ್ಯಾಯ ಇದೆ. ಬಾಕ್ಸಿಂಗಿನ ಯಾವ ವರ್ಣನೆಗಿಂತಲೂ ಅದು ಮೈ ನೋಯಿಸುತ್ತದೆ. ದಿನವಿಡೀ ಎರಡಾಗಿ ಬಗ್ಗಿಸಿ ಬೆನ್ನು ಮುರಿಯುವ ಆ ಗುದ್ದಲಿಯನ್ನು ಕೂಲಿಗಳು ಹೋರಾಡಿ ಹೋರಾಡಿ 1975ರಲ್ಲಿ ನಿಷೇಧ ಮಾಡಿಸಿದರು. ರಿಂಗಿನಲ್ಲಿ ಸೊಂಟದ ಕೆಳಗೆ ಹೊಡೆಯಬಾರದು ಅನ್ನುವ ನಿಯಮ ಅಷ್ಟು ಹಿಂದೆಯೇ ಇತ್ತು. ಹೊಲದ ಕೂಲಿಯ ಸೊಂಟಕ್ಕೆ ನಿಯಮ ಬರಲು 1975 ಆಗಬೇಕಾಯಿತು.

ನಮ್ಮ ನವ್ಯ ವಿಮರ್ಶಕರ ಕೈಗೆ ಈ ಕಾದಂಬರಿ ಸಿಕ್ಕಿದ್ದರೆ ಮನುಷ್ಯನ ಒಂಟಿತನ, ಅಸ್ತಿತ್ವದ ಅರ್ಥಹೀನತೆ ಅಂತ ನಾಲ್ಕು ಪುಟ ಬರೆದು ಮುಗಿಸುತ್ತಿದ್ದರು. ಟಲಿ ಒಂಟಿ, ನಿಜ. ಆದರೆ ಅವನ ಒಂಟಿತನಕ್ಕೆ ಬೆಲೆಚೀಟಿ ಅಂಟಿಸಿದೆ. ಒಬ್ಬನ ಪ್ರಯಾಣದ ಖರ್ಚು ಉಳಿಸಲು ಅವನನ್ನು ಒಂಟಿ ಮಾಡಿದರು. ಅರ್ಥಹೀನತೆ ಅಂತೀರಲ್ಲ, ಈರುಳ್ಳಿ ಚೀಲಕ್ಕೆ ಎಷ್ಟು ಕೊಡುತ್ತಾರೆ ಅನ್ನುವ ಅರ್ಥ ಅವನಿಗೆ ಚೆನ್ನಾಗಿ ಗೊತ್ತು.

ಟಲಿಯೂ ಕುಡಿತ ತಗ್ಗಿಸಿ ಮತ್ತೆ ರಿಂಗಿಗೆ ಬರುತ್ತಾನೆ. ಗೆಲ್ಲುತ್ತಾನೆ ಕೂಡ! ಆದರೆ ಗೆದ್ದದ್ದು ಅವನಿಗೇ ತಿಳಿಯುವುದಿಲ್ಲ, ಅಷ್ಟು ಏಟು ಬಿದ್ದಿರುತ್ತದೆ. ಆಮೇಲೆ ಲೆಕ್ಕ. ರೂಬೆನ್ ಮೊದಲು ಕೊಟ್ಟಿದ್ದ ಮುಂಗಡ ಹಿಡಿದುಕೊಂಡು ಕೈಗೆ ಕೊಡುವುದು ನೂರು ಡಾಲರ್. ಜಮೀನ್ದಾರನ ಮನೆ ಜಗುಲಿಯ ಕೆಳಗೆ ಕೈಕಟ್ಟಿ ನಿಂತು ಲೆಕ್ಕ ಕೇಳಿದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ದುಡಿದದ್ದೆಲ್ಲ ಹಳೆ ಸಾಲಕ್ಕೆ ವಜಾ. ರೂಬೆನ್ ಕೆಟ್ಟವನೇನಲ್ಲ, ಅದು ಇನ್ನೂ ಭಯಂಕರ. ಅವನೂ ಹರಕು ಅಂಗಿಯ ಮನುಷ್ಯ, ಒಂದು ಹುಡುಗ ಕೆಟ್ಟರೆ ಇನ್ನೊಂದು ಹುಡುಗನ ಮೇಲೆ ಆಸೆ ಇಡುವವನು. ಟಲಿ ಅವನ ಜೊತೆ ಜಗಳ ಮಾಡಿ ಹೋಗಿ ಕುಡಿಯುತ್ತಾನೆ. ಗೆದ್ದ ಮೇಲೆ ಕುಡಿಯುತ್ತಾನೆ! ಗೆಲುವೇ ಕುಡಿತಕ್ಕೆ ಔಷಧಿ ಅನ್ನುವ ಆ ಹಳೇ ಕಥೆಯ ಸೊಂಟ ಅಲ್ಲಿ ಮುರಿಯುತ್ತದೆ.

ಹಾಗಂತ ಫ್ಯಾಟ್ ಸಿಟಿ ದೊಡ್ಡದು, ಸಾರ್ಪಟ್ಟ ಸಣ್ಣದು ಅಂತ ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದಕ್ಕೆ ನಾನು ಸಿದ್ಧನಿಲ್ಲ. ಹೆಣ್ಣಿನ ವಿಚಾರಕ್ಕೇ ಬನ್ನಿ. ಟಲಿಯ ಜೊತೆ ಕೆಲಕಾಲ ಇರುವ ಓಮಾ ಹಗಲಿಂದಲೇ ಕುಡಿಯುವವಳು. ಸುಸಾನ್ ಟಿರೆಲ್ ಆ ಪಾತ್ರವನ್ನು ಮರೆಯಲಾಗದ ಹಾಗೆ ಮಾಡಿದ್ದಾಳೆ, ಆಸ್ಕರ್‌ಗೂ ಅವಳ ಹೆಸರು ಹೋಗಿತ್ತು. ಆದರೂ ಓಮಾಳಿಗೆ ಏಳುವ ದಾರಿ ಒಂದೂ ಇಲ್ಲ. ಟಲಿಗೆ ಕೊನೇಪಕ್ಷ ಒಂದು ರಿಂಗು ಇತ್ತು. ಸಾರ್ಪಟ್ಟದ ಮಾರಿಯಮ್ಮ ಹಾಗಲ್ಲ. ದುಷಾರಾ ವಿಜಯನ್ ಮಾಡಿರುವ ಈ ಹೆಣ್ಣು ಬೈಯುತ್ತಾಳೆ, ಕುಣಿಯುತ್ತಾಳೆ, ಗಂಡನ ಮೇಲಿನ ಆಸೆಯನ್ನು ಮುಚ್ಚಿಡದೆ ಹೇಳುತ್ತಾಳೆ. ಬರಿ ಕಣ್ಣೀರಿನ ಹೆಂಡತಿ ಅಲ್ಲ. ಕಬಿಲನ್ ಎದ್ದದ್ದು ಒಬ್ಬನ ಮನೋಬಲದಿಂದ ಅಲ್ಲ. ತಾಯಿ, ಹೆಂಡತಿ, ಇಂಗ್ಲಿಷಿನಲ್ಲಿ ಬೈಯುವ ಆಂಗ್ಲೋ ಇಂಡಿಯನ್ ಕೆವಿನ್ 'ಡ್ಯಾಡಿ', ಮುದಿ ರಾಯಪ್ಪನ್, ಇಡೀ ಕೇರಿ ಸೇರಿ ಎತ್ತಿದ್ದು. ಗಾರ್ಡ್ನರ್‌ಗೆ ಈ ಕೇರಿ ಗೊತ್ತಿರಲಿಲ್ಲ. ಅಥವಾ ಸ್ಟಾಕ್ಟನ್‌ನಲ್ಲಿ ಅಂಥದ್ದು ಉಳಿದಿರಲಿಲ್ಲ. ಅಲ್ಲಿನ ಫಿಲಿಪಿನೋ, ಚೀನೀ ಕೂಲಿಗಳ ಕೇರಿಗಳ ಮೇಲೆ ಹೆದ್ದಾರಿ ಹಾಯಿಸಿ ಮನೆಗಳನ್ನು ಕೆಡವಿದ್ದು ಆ ವರ್ಷಗಳಲ್ಲೇ.

ಇನ್ನೊಂದು ಮಾತು. ಗೆಲುವಿನ ಕಥೆ ಸುಳ್ಳು, ಸೋಲಿನ ಕಥೆಯೇ ನಿಜ ಅನ್ನುವುದು ಹೊಟ್ಟೆ ತುಂಬಿದವರ ರುಚಿ. ತಲೆತಲಾಂತರದಿಂದ ಗೆದ್ದವರಿಗೆ ಸೋಲು ಅನ್ನುವುದು ಕಲೆ. ಬೆತ್ತಲೆ ಮಾಡಿಸಿಕೊಂಡವನು ನೀಲಿ ತೊಟ್ಟು ಅದೇ ರಿಂಗಿಗೆ ವಾಪಸು ಬಂದು ನಿಂತಾಗ ನಮ್ಮ ಹುಡುಗರು ಫೋನಿನ ಪುಟ್ಟ ಪರದೆಯ ಮುಂದೆಯೇ ಎದ್ದು ನಿಂತು ಕೂಗಿದರಲ್ಲ, ಆ ಕೂಗು ಸುಳ್ಳಲ್ಲ. ಕಬಿಲನ್ ಗೆಲ್ಲಲೇಬೇಕಿತ್ತು. ಆದರೆ ಅವನು ಗೆಲ್ಲುವ ಮೊದಲು ಒಂದೇ ಒಂದು ಮನೆಯ ಬಾಗಿಲಿಗೆ ಹೋಗಬೇಕಿತ್ತು. ತಾನು ಮಾರಿದ್ದನ್ನು ಕುಡಿದು ಕೆಟ್ಟವನ ಮನೆ ಬಾಗಿಲಿಗೆ. ಅಲ್ಲಿ ಅವನ ಹೆಂಡತಿ ಏನಂತಿದ್ದಳು? ಬೈತಿದ್ದಳಾ, ಪೊರಕೆ ತಗೊಳ್ತಿದ್ದಳಾ, ಒಳಗೆ ಕರೆದು ನೀರು ಕೊಡ್ತಿದ್ದಳಾ? ಆ ದೃಶ್ಯ ಬರೆಯುವ ತಾಕತ್ತು ರಂಜಿತ್‌ಗೆ ಇದೆ. ಅದಕ್ಕೇ ಈ ಕೋಪ.

ವೇಂಬುಲಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ಅವನೂ ಗ್ಲೌಸು ಕಟ್ಟಿ ಹೊಟ್ಟೆ ಹೊರೆಯುವವನು, ಬೇರೆಯವರ ಪ್ರತಿಷ್ಠೆಗೆ ಗುದ್ದು ತಿನ್ನುವವನು. ಡ್ಯಾನ್ಸಿಂಗ್ ರೋಸ್‌ಗೆ ಸೋತ ಮೇಲೂ ಒಂದು ಘನತೆ ಕೊಟ್ಟ ಚಿತ್ರ, ಜನ ಅವನನ್ನು ನಾಯಕನಷ್ಟೇ ಪ್ರೀತಿಸುವ ಹಾಗೆ ಮಾಡಿದ ಚಿತ್ರ, ವೇಂಬುಲಿಯನ್ನು ಮಾತ್ರ ಬರಿ ಖಳನನ್ನಾಗಿ ಬಿಟ್ಟಿತು. ಫ್ಯಾಟ್ ಸಿಟಿಯಲ್ಲಿ ಟಲಿಗೆ ಎದುರಾಗುವ ಮೆಕ್ಸಿಕೋದ ಲುಸೆರೊ ವಯಸ್ಸಾದವನು, ಒಳಗೆ ಏನೋ ಕಾಯಿಲೆ, ಪಂದ್ಯದ ಮೊದಲು ಅವನ ಉಚ್ಚೆಯಲ್ಲಿ ರಕ್ತ. ಬಸ್ಸು ಹತ್ತಿ ಒಬ್ಬನೇ ಬಂದವನು. ಸೋಲುತ್ತಾನೆ. ಟಲಿಗೆ ಸಿಕ್ಕ ನೂರು ಡಾಲರಿನ ಜಗಳ ನಡೆಯುವುದರೊಳಗೆ ಅವನು ಅಚ್ಚುಕಟ್ಟಾಗಿ ಬಟ್ಟೆ ಹಾಕಿಕೊಂಡು, ಚೀಲ ಹಿಡಿದು, ಖಾಲಿಯಾದ ಕಟ್ಟಡದ ಓಣಿಯಲ್ಲಿ ನಡೆದುಹೋಗುತ್ತಾನೆ. ದೀಪಗಳು ಆರುತ್ತಿರುತ್ತವೆ. ಹ್ಯೂಸ್ಟನ್ ಅವನ ಬಾಯಿಂದ ಒಂದು ಮಾತೂ ಆಡಿಸುವುದಿಲ್ಲ. ಸಾರ್ಪಟ್ಟದವರು ಕಬಿಲನ್‌ನನ್ನು ಹೊತ್ತು ಕುಣಿಯುತ್ತಿದ್ದ ಆ ರಾತ್ರಿ ವೇಂಬುಲಿ ಯಾವ ಅಂಗಡಿಯ ಮುಂದೆ ಹೋಗಿ ಕೂತ, ಅವನಿಗೆ ಲೋಟ ತುಂಬಿ ಕೊಟ್ಟವರು ಯಾರು?